ಒಂದು ನುಡಿ, ಹತ್ತು ಕಾಗುಣಿತ

ರೇಡಿಯೋಗೆ ಕಾಗುಣಿತದ ಹಂಗಿಲ್ಲ. ಧಾರವಾಡದ ನಿಲಯದಲ್ಲಿ ಒಬ್ಬರು ಆಡಿದ ಮಾತು ನಿಮ್ಮ ಮನೆಯಲ್ಲಿ ಕಿವಿಗೆ ಬಿದ್ದರಾಯಿತು. ಅವರ ಕೈಯಲ್ಲಿದ್ದ ಕಾಗದದಲ್ಲಿ ಆ ಪದವನ್ನು ಹೇಗೆ ಬರೆದಿತ್ತೆಂದು ಯಾವ ಶ್ರೋತೃವೂ ವಿಚಾರಿಸುವುದಿಲ್ಲ. ಬರಹವನ್ನೇ ನಂಬಿ ಕುಳಿತವರ ಪಾಡು ಬೇರೆ. ಒಂದೇ ಪದವನ್ನು ಹತ್ತು ಮಂದಿ ಹತ್ತು ಬಗೆಯಾಗಿ ಬರೆದಿಟ್ಟಿದ್ದರೆ, ನಾನೂರು ವರ್ಷಗಳ ತರುವಾಯ ಅದನ್ನು ಅರಸಿ ಹೊರಟವನು ಹತ್ತು ಕಡೆಯೂ ನೋಡಬೇಕು. ಒಂಬತ್ತು ಕಡೆ ನೋಡಿ ನಿಲ್ಲಿಸಿದರೆ ಹತ್ತನೆಯವನ ಮಾತು ಅವನ ಪಾಲಿಗೆ ಇಲ್ಲವೇ ಇಲ್ಲ. ಈ ಹುಡುಕಾಟವನ್ನು ಗಣಕಯಂತ್ರಕ್ಕೆ ಒಪ್ಪಿಸಬಹುದೆ? ಒಪ್ಪಿಸಿದರೆ ಅದು ಹೇಗೆ ನಡೆಸುತ್ತದೆ, ಎಲ್ಲಿ ಎಡವುತ್ತದೆ? ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಷಯದಲ್ಲಿ ವಿದ್ವಾಂಸರು ಸುಮಾರು ಅರುವತ್ತು ವರ್ಷಗಳಿಂದ ಈ ಪ್ರಶ್ನೆಯೊಡನೆ ಹೆಣಗಿದ್ದಾರೆ. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಭಾಷೆಯ ಪರಿಚಯ. ಸ್ಕಾಟ್ಲೆಂಡ್ ಎಂದೊಡನೆ ಗೇಲಿಕ್ ಭಾಷೆ ನೆನಪಾಗುವುದುಂಟು. ಅದು ಬೇರೆ, ಬೆಟ್ಟಸೀಮೆಯ ಮತ್ತು ಪಡುವಣ ದ್ವೀಪಗಳ ನುಡಿ, ಐರಿಷ್ ಭಾಷೆಯ ನೆಂಟ. ಸ್ಕಾಟ್ಸ್ ಎಂಬುದು ತಗ್ಗುಸೀಮೆಯ ಮಾತು. ಹಳೆಯ ಇಂಗ್ಲಿಷಿನ ಬಡಗಣ ಕವಲಿನಿಂದ ಬೆಳೆದು ಬಂದದ್ದರಿಂದ ಅದನ್ನು ಇಂದಿನ ಇಂಗ್ಲಿಷಿನ ಒಡಹುಟ್ಟು ಎನ್ನಬೇಕು. 1375ರ ಸುಮಾರಿಗೆ ಜಾನ್ ಬಾರ್ಬರ್ ಕವಿ ರಾಬರ್ಟ್ ಬ್ರೂಸ್ ದೊರೆಯ ಸಾಹಸಗಳನ್ನು ದೀರ್ಘಕಾವ್ಯವಾಗಿ ಹಾಡಿದ್ದು ಈ ನುಡಿಯಲ್ಲಿಯೇ. 15ನೆಯ ಶತಮಾನದಲ್ಲಿ ಅದು ಲ್ಯಾಟಿನ್ನನ್ನು ಹಿಂದಿಕ್ಕಿ ಶಾಸನಸಭೆಯ ಕಾಯಿದೆಗಳ ಭಾಷೆಯಾಯಿತು. ಅರಮನೆ, ನ್ಯಾಯಸ್ಥಾನ, ಪಟ್ಟಣಸಭೆ, ವರ್ತಕರ ಲೆಕ್ಕದ ಪುಸ್ತಕ, ಎಲ್ಲೆಲ್ಲಿಯೂ ಅದೇ. 1560ರ ಮತಸುಧಾರಣೆಯ ಜೊತೆಗೆ ಇಂಗ್ಲಿಷ್ ಬೈಬಲ್ಲು ಮನೆಹೊಕ್ಕಿತು. 1603ರಲ್ಲಿ ಆರನೆಯ ಜೇಮ್ಸ್ ದೊರೆ ಇಂಗ್ಲೆಂಡಿನ ಸಿಂಹಾಸನಕ್ಕೂ ಒಡೆಯನಾಗಿ ಲಂಡನ್ನಿಗೆ ಹೊರಟುಹೋದ. 1707ರಲ್ಲಿ ಎರಡು ರಾಜ್ಯಗಳ ಶಾಸನಸಭೆಗಳೂ ಒಂದಾದವು. ಬರಹದ ಗದ್ದುಗೆ ಇಂಗ್ಲಿಷಿಗೆ ಹೋಯಿತು. ಸ್ಕಾಟ್ಸ್ ಅಡುಗೆಮನೆ, ಹೊಲ, ಹಾಡುಗಳಲ್ಲಿ ಉಳಿಯಿತು. ಶಾಲೆಯೂ ಮುದ್ರಣಾಲಯವೂ ಕೂಡಿ ಒಂದೇ ಕಾಗುಣಿತವನ್ನು ನೆಲೆಗೊಳಿಸುವ ಕಾಲ ಇಂಗ್ಲಿಷಿಗೆ ಬಂದಾಗ ಸ್ಕಾಟ್ಸ್‌ಗೆ ಆ ಭಾಗ್ಯ ಒದಗಲಿಲ್ಲ.

ಹಾಗಾದರೆ ಹಳೆಯ ಲಿಪಿಕಾರರು ಹೇಗೆ ಬರೆಯುತ್ತಿದ್ದರು? ಇಲ್ಲಿ ನಾನು ಅಕ್ಷರಗಳ ಹೆಸರನ್ನೇ ಹೇಳಬೇಕಾಗುತ್ತದೆ, ಬೇಸರಪಡಬೇಡಿ. ಇಂಗ್ಲಿಷಿನ ‘ವಾಟ್’, ಅಂದರೆ ‘ಏನು’ ಎಂಬ ಪದಕ್ಕೆ ಮೊದಲಲ್ಲಿ ಡಬ್ಲ್ಯು–ಎಚ್ ಬರುತ್ತದಷ್ಟೆ. ಸ್ಕಾಟ್ಸ್ ಲಿಪಿಕಾರನು ಆ ಎಡೆಯಲ್ಲಿ ಕ್ಯು–ಯು–ಎಚ್ ಎಂದು ಮೂರು ಅಕ್ಷರ ಬರೆಯುತ್ತಿದ್ದ. ಯು, ವಿ, ಡಬ್ಲ್ಯು ಈ ಮೂರೂ ಒಂದರ ಜಾಗದಲ್ಲಿ ಒಂದು ಕುಳಿತುಕೊಳ್ಳುತ್ತಿದ್ದವು. ಸ್ವರವನ್ನು ದೀರ್ಘವೆಂದು ತೋರಿಸಲು ಅದರ ಪಕ್ಕದಲ್ಲಿ ಐ ಅಥವಾ ವೈ ಸೇರಿಸುವ ವಾಡಿಕೆಯಿತ್ತು. ಆದ್ದರಿಂದ ‘ಕಲ್ಲು’ ಎಂಬ ಅರ್ಥದ ‘ಸ್ಟೇನ್’ ಪದವನ್ನು ಎಸ್–ಟಿ–ಎ–ಎನ್–ಇ ಎಂದು ಬರೆದವರುಂಟು, ಎಸ್–ಟಿ–ಎ–ಐ–ಎನ್ ಎಂದವರುಂಟು, ಐ ಬದಲು ವೈ ಇಟ್ಟವರುಂಟು, ಕೊನೆಗೊಂದು ಇ ಅಂಟಿಸಿದವರೂ ಉಂಟು. ಭೂತಕಾಲದ ಪ್ರತ್ಯಯ ಇಂಗ್ಲಿಷಿನಲ್ಲಿ ಇ–ಡಿ, ಇಲ್ಲಿ ಐ–ಟಿ.

ಇನ್ನೊಂದು ಸ್ವಾರಸ್ಯವಿದೆ. ‘ಯ’ಕಾರದಂಥ ಧ್ವನಿಗೆ ಅವರಲ್ಲಿ ‘ಯೊಖ್’ ಎಂಬ ಪ್ರತ್ಯೇಕ ಅಕ್ಷರವಿತ್ತು. ಅಚ್ಚಿನ ಮನೆಗಳಲ್ಲಿ ಅದಕ್ಕೆ ಮೊಳೆಯಿಲ್ಲದೆ, ನೋಡಲು ಹತ್ತಿರವಾಗಿದ್ದ ಜೆಡ್ ಅಕ್ಷರವನ್ನು ಹಾಕತೊಡಗಿದರು. ಹಾಗಾಗಿ ‘ವರ್ಷ’ ಎಂಬರ್ಥದ ‘ಯೀರ್’ ಪದ ಜೆಡ್‌ನಿಂದ ಮೊದಲಾಗಿ ಅಚ್ಚಾಗಿರುವುದನ್ನು ಕಾಣುತ್ತೇವೆ. ನಮ್ಮ ನಾಡಿನ ಇತಿಹಾಸ ಓದಿದವರಿಗೆಲ್ಲ ಕರ್ನಲ್ ಕಾಲಿನ್ ಮೆಕೆಂಜಿಯವರ ಹೆಸರು ಗೊತ್ತು. ಮೈಸೂರು ಸೀಮೆಯನ್ನು ಮೋಜಣಿ ಮಾಡಿ, ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಟ್ಟ ಸ್ಕಾಟ್ಲೆಂಡಿನವರು ಅವರು. ಆ ‘ಮೆಕೆಂಜಿ’ಯಲ್ಲಿರುವ ಜೆಡ್ ಕೂಡ ಮೂಲತಃ ಈ ಯೊಖ್ ಅಕ್ಷರವೇ. ಬರಹ ಉಚ್ಚಾರವನ್ನು ತಿರುಗಿಸಿಬಿಟ್ಟಿತು; ‘ಯ’ಕಾರದಂತೆ ನುಡಿಯಬೇಕಾದದ್ದನ್ನು ಲೋಕವೆಲ್ಲ ‘ಜಿ’ ಎಂದೇ ಕರೆಯಿತು.

ಇವೆಲ್ಲ ತಪ್ಪುಗಳೆ? ಮೂವತ್ತು ವರ್ಷ ಮಕ್ಕಳ ಪುಸ್ತಕಕ್ಕೆ ಕೆಂಪು ಶಾಯಿ ಹಾಕಿದ ಕೈ ನನ್ನದು. ಆದರೂ ಇವನ್ನು ತಪ್ಪೆಂದು ಹೇಳಲಾರೆ. ಒಂದು ಒಪ್ಪಿತವಾದ ರೂಪವಿದ್ದರೆ ತಾನೇ ಅದಕ್ಕೆ ತಪ್ಪಿ ನಡೆಯುವುದು? ಪಂಡಿತರು ಓಲೆಗರಿಗಳನ್ನು ಹೋಲಿಸುವಾಗ ‘ಪಾಠಾಂತರ’ ಬೇರೆ, ‘ಅಪಪಾಠ’ ಬೇರೆ ಎಂದು ವಿಂಗಡಿಸುತ್ತಾರೆ. ಸ್ಕಾಟ್ಸ್ ಕಾಗುಣಿತದ ಬಹುಪಾಲು ಮೊದಲನೆಯ ಜಾತಿಗೆ ಸೇರಿದ್ದು. ಎಡಿನ್‌ಬರೊ ವಿಶ್ವವಿದ್ಯಾನಿಲಯದ ಎ. ಜೆ. ಏಟ್ಕನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಈ ವೈವಿಧ್ಯದ ಒಳಗಿನ ಕ್ರಮವನ್ನು ಬಿಡಿಸಿ ತೋರಿಸಿದರು. ಲಿಪಿಕಾರನಿಗೆ ಪ್ರತಿಯೊಂದು ಧ್ವನಿಗೂ ಕೆಲವು ಗೊತ್ತಾದ ಆಯ್ಕೆಗಳಿದ್ದವು. ಅವನು ಮನಸ್ಸಿಗೆ ಬಂದಂತೆ ಗೀಚುತ್ತಿರಲಿಲ್ಲ, ಆ ಆಯ್ಕೆಗಳೊಳಗೆ ಓಡಾಡುತ್ತಿದ್ದ. ಈ ಒಂದು ಮಾತನ್ನು ನೆನಪಿನಲ್ಲಿಡಿ. ಯಂತ್ರಕ್ಕೆ ದಾರಿ ಸಿಕ್ಕುವುದು ಇಲ್ಲಿಂದಲೇ.

ಯಂತ್ರಕ್ಕೆ ಮುಂಚೆ ನಿಘಂಟುಕಾರರಿದ್ದರು. 1808ರಲ್ಲಿ ಜಾನ್ ಜೇಮಿಸನ್ ಎಂಬ ಪಾದ್ರಿ ಸ್ಕಾಟ್ಸ್ ಭಾಷೆಯ ದೊಡ್ಡ ನಿಘಂಟೊಂದನ್ನು ಹೊರತಂದರು. ತರುವಾಯ ಸರ್ ವಿಲಿಯಂ ಕ್ರೇಗಿಯವರು ಹಳೆಯ ಸ್ಕಾಟ್ಸ್‌ಗೇ ಮೀಸಲಾದ ಐತಿಹಾಸಿಕ ನಿಘಂಟನ್ನು ಕೈಗೊಂಡರು. 1931ರಲ್ಲಿ ಅಚ್ಚು ಮೊದಲಾದದ್ದು 12 ಸಂಪುಟಗಳಾಗಿ ಮುಗಿದದ್ದು 2002ರಲ್ಲಿ. ಆ ವೇಳೆಗೆ ಕ್ರೇಗಿಯವರು ತೀರಿಕೊಂಡು 45 ವರ್ಷವಾಗಿತ್ತು. 1700ರ ಈಚಿನ ಭಾಷೆಗೆ ಬೇರೊಂದು ನಿಘಂಟು 1931ರಿಂದ 1976ರವರೆಗೆ 10 ಸಂಪುಟಗಳಾಗಿ ಬಂತು. ಈ ಪುಸ್ತಕಗಳಲ್ಲಿ ಪ್ರತಿಯೊಂದು ಪದದ ತಲೆಯ ಮೇಲೂ ಅದರ ಬೇರೆ ಬೇರೆ ಕಾಗುಣಿತಗಳ ಪಟ್ಟಿಯಿದೆ. ಜಾಗ ಉಳಿಸಲೆಂದು ಕೊನೆಯ ಅಕ್ಷರಗಳನ್ನು ಆವರಣ ಚಿಹ್ನೆಯಲ್ಲಿ ಸೇರಿಸಿ ಬರೆದಿರುತ್ತಾರೆ. ಮನುಷ್ಯನ ಕಣ್ಣಿಗೆ ಅದು ಸಾಕು. ಯಂತ್ರಕ್ಕಾದರೋ ಆ ಚಿಹ್ನೆಗಳನ್ನು ಬಿಡಿಸಿ ಒಂದೊಂದು ರೂಪವನ್ನೂ ಪೂರ್ತಿಯಾಗಿ ಬರೆದುಕೊಡಬೇಕು. ಎರಡು ನಿಘಂಟುಗಳೂ ಕೂಡಿ 2004ರಲ್ಲಿ ಗಣಕಯಂತ್ರದಲ್ಲಿ ಎಲ್ಲರೂ ನೋಡುವಂತಾದಾಗ, ಕಾಗುಣಿತಗಳನ್ನು ಹೊಂದಿಸುವವರಿಗೆ ಅದಕ್ಕಿಂತ ದೊಡ್ಡ ನಿಧಿ ಇನ್ನೊಂದಿರಲಿಲ್ಲ.

ಕ್ರೇಗಿಯವರ ತರುವಾಯ ಆ ನಿಘಂಟಿನ ಹೊಣೆ ಹೊತ್ತವರು ನಾನು ಮೇಲೆ ಹೇಳಿದ ಏಟ್ಕನ್. 1960ರ ದಶಕದಲ್ಲಿಯೇ ಅವರು ಪಾಲ್ ಬ್ರಾಟ್ಲಿ ಎಂಬ ಗಣಕತಜ್ಞರೊಡನೆ ಸೇರಿ ಹಳೆಯ ಸ್ಕಾಟ್ಸ್ ಗ್ರಂಥಗಳನ್ನು ಯಂತ್ರಕ್ಕೆ ಉಣಿಸತೊಡಗಿದ್ದರು. ಯಂತ್ರವು ಕೊಟ್ಟ ಪದಗಳನ್ನು ಅಕಾರಾದಿಯಾಗಿ ವಿಂಗಡಿಸುತ್ತದೆ. ಆದರೆ ಈ ಅಕಾರಾದಿಯೇ ಇಲ್ಲಿ ಶತ್ರು. ‘ಏನು’ ಎಂಬ ಒಂದೇ ಪದದ ಒಂದು ರೂಪ ಕ್ಯು ಅಕ್ಷರದ ಅಡಿಯಲ್ಲಿ, ಇನ್ನೊಂದು ಡಬ್ಲ್ಯು ಅಡಿಯಲ್ಲಿ, ಮತ್ತೊಂದು ವಿ ಅಡಿಯಲ್ಲಿ. ಒಂದೇ ಮನೆಯ ಮಕ್ಕಳು ಜಾತ್ರೆಯಲ್ಲಿ ಚೆದರಿಹೋದ ಹಾಗೆ. ಅವರನ್ನು ಮತ್ತೆ ಕೂಡಿಸುವುದು ಹೇಗೆ?

ಧ್ವನಿಯಿಂದ ಕೂಡಿಸೋಣ ಎನ್ನುವುದು ಒಂದು ದಾರಿ. ಅಮೆರಿಕದ ರಾಬರ್ಟ್ ರಸೆಲ್ ಎಂಬುವರು 1918ರಲ್ಲಿಯೇ, ಗಣಕಯಂತ್ರ ಹುಟ್ಟುವುದಕ್ಕೆ ಮುಂಚೆ, ಮನೆತನದ ಹೆಸರುಗಳನ್ನು ಹೊಂದಿಸಲು ಒಂದು ಉಪಾಯಕ್ಕೆ ಹಕ್ಕುಪತ್ರ ಪಡೆದರು. ಅದರಿಂದ ಬೆಳೆದ ಪದ್ಧತಿಗೆ ‘ಸೌಂಡೆಕ್ಸ್’ ಎಂದು ಹೆಸರು. ಹೆಸರಿನ ಮೊದಲಕ್ಷರವನ್ನು ಹಾಗೆಯೇ ಉಳಿಸಿಕೊಂಡು, ಸ್ವರಗಳನ್ನು ಕೈಬಿಟ್ಟು, ಸಮೀಪದ ಧ್ವನಿಯ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು. ನಮ್ಮ ‘ಕಲ್ಲು’, ಅಂದರೆ ‘ಸ್ಟೇನ್’ ಪದದ ಎಲ್ಲ ರೂಪಗಳಿಗೂ ಎಸ್–350 ಎಂಬ ಒಂದೇ ಗುರುತು ಬೀಳುತ್ತದೆ. ಸಂತೋಷಪಡುವಷ್ಟರಲ್ಲಿ ಬಟ್ಟೆಯಂಗಡಿಯ ‘ಸ್ಯಾಟಿನ್’ ಕೂಡ ಅದೇ ಎಸ್–350ರ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಇತ್ತ ‘ಏನು’ ಎಂಬ ಪದದ ಸ್ಕಾಟ್ಸ್ ರೂಪಕ್ಕೆ ಕ್ಯು–300, ಇಂಗ್ಲಿಷ್ ರೂಪಕ್ಕೆ ಡಬ್ಲ್ಯು–300. ಮೊದಲಕ್ಷರ ಬೇರೆಯಾದ್ದರಿಂದ ಅವೆರಡಕ್ಕೂ ಸಂಬಂಧವೇ ಇಲ್ಲವೆಂದು ಪದ್ಧತಿ ತೀರ್ಪು ಕೊಡುತ್ತದೆ.

ಅಕ್ಷರಗಳ ದೂರವನ್ನು ಅಳೆಯೋಣ ಎನ್ನುವುದು ಎರಡನೆಯ ದಾರಿ. 1965ರಲ್ಲಿ ವ್ಲಾದಿಮಿರ್ ಲೆವೆನ್‌ಷ್ಟೈನ್ ಎಂಬ ರಷ್ಯದ ಗಣಿತಜ್ಞರು ಇದಕ್ಕೆ ತಳಹದಿ ಹಾಕಿದರು. ಒಂದು ಪದವನ್ನು ಇನ್ನೊಂದಾಗಿ ಮಾರ್ಪಡಿಸಲು ಎಷ್ಟು ಅಕ್ಷರ ಸೇರಿಸಬೇಕು, ಎಷ್ಟು ತೆಗೆಯಬೇಕು, ಎಷ್ಟು ಬದಲಿಸಬೇಕು ಎಂದು ಲೆಕ್ಕ ಹಾಕಿದರೆ ಆ ಸಂಖ್ಯೆಯೇ ಅವೆರಡರ ದೂರ. ‘ಒಳ್ಳೆಯ’ ಎಂಬರ್ಥದ ಪದವನ್ನು ಸ್ಕಾಟ್ಸ್‌ನಲ್ಲಿ ಜಿ–ಯು–ಐ–ಡಿ ಎಂದು ಬರೆಯುವುದುಂಟು. ಇಂಗ್ಲಿಷಿನ ‘ಗುಡ್’ ಅಂದರೆ ಜಿ–ಓ–ಓ–ಡಿ. ನಡುವಿನ ಎರಡು ಅಕ್ಷರ ಬದಲಿಸಬೇಕು, ದೂರ 2. ಆದರೆ ಕೊನೆಗೊಂದು ಇ ಸೇರಿಸಿದರೆ ಸಾಕು, ‘ದಾರಿ ತೋರಿಸುವವ’ ಎಂಬರ್ಥದ ‘ಗೈಡ್’ ಆಗುತ್ತದೆ; ದೂರ 1. ಆದಕಾರಣ ಬರಿಯ ಲೆಕ್ಕವನ್ನು ನಂಬಿದ ಯಂತ್ರವು ‘ಒಳ್ಳೆಯ ಮನುಷ್ಯ’ನನ್ನು ‘ದಾರಿತೋರುವ ಮನುಷ್ಯ’ನನ್ನಾಗಿ ಮಾಡಿ ಮುಂದೆ ನಡೆಯುತ್ತದೆ. ‘ಏನು’ ಎಂಬ ಪದದ ಗತಿ ಇನ್ನೂ ವಿಚಿತ್ರ. ಕ್ಯು–ಯು–ಎಚ್–ಎ–ಟಿ ಎಂಬುದು ಇಂಗ್ಲಿಷಿನ ‘ವಾಟ್’ಗೂ ದೂರ 2, ‘ಅದು’ ಎಂಬರ್ಥದ ‘ದ್ಯಾಟ್’ಗೂ ದೂರ 2. ಪ್ರಶ್ನೆಯೂ ಉತ್ತರವೂ ಸಮಾನ ದೂರದಲ್ಲಿ!

ಇಲ್ಲಿಯೇ ಏಟ್ಕನ್ನರ ಮಾತು ಕೆಲಸಕ್ಕೆ ಬರುವುದು. ಲಿಪಿಕಾರನ ಆಯ್ಕೆಗಳು ಗೊತ್ತಾದವು ಎಂದ ಮೇಲೆ ಅವನ್ನು ಯಂತ್ರಕ್ಕೆ ಸೂತ್ರವಾಗಿ ಹೇಳಿಕೊಟ್ಟರಾಯಿತು. ಕ್ಯು–ಯು–ಎಚ್ ಇದ್ದೆಡೆ ಡಬ್ಲ್ಯು–ಎಚ್ ಬಂದರೆ ದಂಡವಿಲ್ಲ. ಐ ಮತ್ತು ವೈ ಅದಲುಬದಲಾದರೆ ದಂಡವಿಲ್ಲ. ಕೊನೆಯ ಇ ಬಿದ್ದುಹೋದರೆ ದಂಡ ಅತ್ಯಲ್ಪ. ಪದದ ನಡುವೆ ಬಿ ಇದ್ದದ್ದು ಕೆ ಆದರೆ ಮಾತ್ರ ಪೂರ್ತಿ ದಂಡ. ಹೀಗೆ ದಂಡವನ್ನು ಹೆಚ್ಚು ಕಡಿಮೆ ಮಾಡಿ ತೂಗಿದರೆ ‘ಏನು’ ಎಂಬುದು ‘ವಾಟ್’ ಪಕ್ಕಕ್ಕೆ ಸರಿಯಾಗಿ ಬಂದು ಕೂರುತ್ತದೆ. ನಮ್ಮ ಮಕ್ಕಳಿಗೆ ಹಳಗನ್ನಡ ಪಾಠ ಹೇಳುವಾಗ ಮಾಡುವುದೂ ಇದನ್ನೇ. ಪಕಾರಕ್ಕೆ ಹಕಾರವೆಂಬ ಒಂದು ಸೂತ್ರ ಕೊಟ್ಟರೆ ‘ಪಾಲ್’ ಹಾಲಾಗುತ್ತದೆ, ‘ಪೂ’ ಹೂವಾಗುತ್ತದೆ. ಅದೇ ಉತ್ಸಾಹದಲ್ಲಿ ‘ಪತ್ರ’ವನ್ನು ‘ಹತ್ರ’ ಮಾಡುವ ಹುಡುಗನೂ ತರಗತಿಗೊಬ್ಬ ಇದ್ದೇ ಇರುತ್ತಾನೆ. ಯಂತ್ರವು ಆ ಹುಡುಗನ ಜಾತಿಯದು. ಎಸ್–ಟಿ–ಎ–ಐ–ಎನ್ ಎಂದು ಕಂಡೊಡನೆ ಅದಕ್ಕೆ ಇಂಗ್ಲಿಷಿನಲ್ಲಿ ಕಲೆ, ಕೊಳೆ ಎಂಬರ್ಥದ ‘ಸ್ಟೇನ್’ ಎಂಬ ಪದ ಸಿದ್ಧವಾಗಿ ದೊರೆಯುತ್ತದೆ. ಹೊಂದಿಸುವ ಅಗತ್ಯವೇ ಅದಕ್ಕೆ ಕಾಣದು. ಸ್ಕಾಟ್ಸ್‌ನ ಕಲ್ಲು ಕಣ್ಣಮುಂದೆಯೇ ಕಲೆಯಾಗಿ ಹೋಗುತ್ತದೆ. ಇಂಥ ಎಡೆಗಳಲ್ಲಿ ಅಕ್ಷರವನ್ನು ಎಷ್ಟು ಅಳೆದರೂ ಪ್ರಯೋಜನವಿಲ್ಲ, ಅಕ್ಕಪಕ್ಕದ ಪದಗಳನ್ನು ನೋಡಬೇಕು. ಗೋಡೆ, ಗಾರೆ, ಮೇಸ್ತ್ರಿ ಇವುಗಳ ನಡುವೆ ಬಂದರೆ ಅದು ಕಲ್ಲು. ಪದಗಳ ಸಹವಾಸವನ್ನು ಗಮನಿಸಿ ಅರ್ಥ ಊಹಿಸುವ ಹೊಸ ವಿಧಾನಗಳೂ ಈಗ ಬಂದಿವೆ. ಆದರೆ ಅವುಗಳ ಹಸಿವು ಬಲು ದೊಡ್ಡದು. ಇಂಗ್ಲಿಷಿನಲ್ಲಿ ಅವಕ್ಕೆ ಸಮುದ್ರದಷ್ಟು ಬರಹ ಸಿಕ್ಕುತ್ತದೆ. ಗ್ಲಾಸ್ಗೊ ವಿಶ್ವವಿದ್ಯಾನಿಲಯದವರು 2004ರಿಂದ ಕೂಡಿಸಿ ಎಲ್ಲರಿಗೂ ತೆರೆದಿಟ್ಟ, ಸ್ಕಾಟ್ಲೆಂಡಿನ ಮಾತು ಬರಹಗಳ ಭಂಡಾರದಲ್ಲಿ 40 ಲಕ್ಷ ಚಿಲ್ಲರೆ ಪದಗಳಿವೆ, ಅದರಲ್ಲಿಯೂ ಎಲ್ಲವೂ ಸ್ಕಾಟ್ಸ್ ಅಲ್ಲ.

ನೀವು ಕೇಳಬಹುದು: ಇಷ್ಟೆಲ್ಲ ಒದ್ದಾಟವೇಕೆ, ಎಲ್ಲವನ್ನೂ ಒಮ್ಮೆಗೇ ಇಂಗ್ಲಿಷ್ ಕಾಗುಣಿತಕ್ಕೆ ತಿದ್ದಿಬಿಟ್ಟರೆ ಹುಡುಕುವುದು ಸುಲಭವಲ್ಲವೆ? ಈ ಕೆಲಸವನ್ನು ಮೊದಲು ಮಾಡಿದವರು ಅಚ್ಚುಗಾರರು. ಜೇಮ್ಸ್ ದೊರೆ ತನ್ನ ಮಗನಿಗೆ ರಾಜನೀತಿಯನ್ನು ಬೋಧಿಸಿ ‘ಬೆಸಿಲಿಕಾನ್ ಡೋರಾನ್’ ಎಂಬ ಗ್ರಂಥ ಬರೆದ. ಸ್ವಹಸ್ತದ ಆ ಪ್ರತಿ ಇಂದಿಗೂ ಉಳಿದಿದೆ, ಅದು ಸ್ಕಾಟ್ಸ್. 1599ರಲ್ಲಿ ಎಡಿನ್‌ಬರೊದಲ್ಲಿಯೇ ಅದರ ಏಳು ಪ್ರತಿಗಳನ್ನು ಗುಟ್ಟಾಗಿ ಅಚ್ಚು ಹಾಕಿಸಿದಾಗ ಮುದ್ರಕ ಇಂಗ್ಲೆಂಡಿನವನು. ಅಚ್ಚಾದ ಪುಸ್ತಕ ಇಂಗ್ಲಿಷಿನತ್ತ ವಾಲಿತ್ತು. ದೊರೆಯ ಕೈಬರಹ ನಾಶವಾಗಿದ್ದರೆ ಅವನು ಹೇಗೆ ಬರೆಯುತ್ತಿದ್ದನೆಂದು ಆ ಪುಸ್ತಕದಿಂದ ತಿಳಿಯುತ್ತಿರಲಿಲ್ಲ. ದೊರೆಗೇ ಹೀಗಾದರೆ ಮಿಕ್ಕವರ ಮಾತೇನು?

1989ರಲ್ಲಿ ಏಮಿ ಡೆವಿಟ್ ಎಂಬ ವಿದುಷಿ 1520ರಿಂದ 1659ರವರೆಗಿನ ಸ್ಕಾಟ್ಸ್ ಬರಹಗಳನ್ನು ಪರಿಶೀಲಿಸಿ ಒಂದು ಗ್ರಂಥ ಪ್ರಕಟಿಸಿದರು. ಇಂಗ್ಲಿಷಿನ ಪ್ರಭಾವ ಯಾವಾಗ, ಯಾವ ಬಗೆಯ ಬರಹದಲ್ಲಿ, ಎಷ್ಟೆಷ್ಟು ನುಗ್ಗಿತೆಂದು ಅಳೆಯಲು ಅವರು ಆರಿಸಿಕೊಂಡದ್ದು ಐದು ಲಕ್ಷಣಗಳನ್ನು. ಕ್ಯು–ಯು–ಎಚ್ ಹೋಗಿ ಡಬ್ಲ್ಯು–ಎಚ್ ಬಂದದ್ದು ಅದರಲ್ಲೊಂದು. ಐ–ಟಿ ಹೋಗಿ ಇ–ಡಿ ಬಂದದ್ದು ಇನ್ನೊಂದು. ಧರ್ಮಗ್ರಂಥಗಳಲ್ಲಿ ಮಾರ್ಪಾಡು ಬೇಗ ಬಂತು, ಸಾರ್ವಜನಿಕ ದಫ್ತರಗಳಲ್ಲಿ ನಿಧಾನವಾಯಿತು ಎಂದು ಕಂಡುಬಂತು. ಈಗ ಯೋಚಿಸಿ: ಯಂತ್ರವು ಹುಡುಕಾಟದ ಅನುಕೂಲಕ್ಕೆಂದು ಎಲ್ಲ ಕ್ಯು–ಯು–ಎಚ್‌ಗಳನ್ನೂ ಮೊದಲೇ ತಿದ್ದಿಟ್ಟಿದ್ದರೆ ಈ ಇತಿಹಾಸದಲ್ಲಿ ಅಳೆಯಲು ಏನು ಉಳಿಯುತ್ತಿತ್ತು? ಒಂದು ಭಾಷೆ ಇನ್ನೊಂದಕ್ಕೆ ದಾರಿಬಿಟ್ಟ ಬಗೆಗೆ ಸಾಕ್ಷಿಯಿರುವುದೇ ಆ ಕಾಗುಣಿತಗಳಲ್ಲಿ. ಸಾಕ್ಷಿಯ ಬಾಯನ್ನೇ ತಿದ್ದಿ ವಿಚಾರಣೆ ನಡೆಸಿದಂತಾಗುತ್ತಿತ್ತು.

ಆದ್ದರಿಂದ ವಿವೇಕಿಗಳು ಹಿಡಿದಿರುವ ಮಾರ್ಗ ಇದು. ಮೂಲಪದವನ್ನು ಅಕ್ಷರವೂ ಅಲುಗದಂತೆ ಇಟ್ಟು, ಅದರ ಪಕ್ಕದಲ್ಲಿ ಇದು ಇಂಥ ಪದದ ರೂಪವೆಂದು ಒಂದು ಚೀಟಿ ಕಟ್ಟುವುದು. ಎಡಿನ್‌ಬರೊದ ಕೀತ್ ವಿಲಿಯಮ್‌ಸನ್ 1380ರಿಂದ 1500ರವರೆಗಿನ ಸ್ಥಳೀಯ ದಾಖಲೆಗಳನ್ನು ಕಲೆಹಾಕಿ 2008ರಲ್ಲಿ ಹೊರತಂದ ಹಳೆಯ ಸ್ಕಾಟ್ಸ್‌ನ ಭಾಷಾಭೂಪಟ ಹೀಗೆ ಸಿದ್ಧವಾದದ್ದು. ಯಾವ ಊರಿನ ಲಿಪಿಕಾರ ಯಾವ ರೂಪ ಬಳಸಿದನೆಂದು ಅದರಿಂದ ನಕ್ಷೆಯ ಮೇಲೆ ಗುರುತಿಸಬಹುದು. ಇಂಗ್ಲೆಂಡಿನ ಲ್ಯಾಂಕಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಹಳೆಯ ಇಂಗ್ಲಿಷ್ ಮುದ್ರಣಗಳಿಗಾಗಿ ರೂಪಿಸಿದ ‘ವಾರ್ಡ್’ ಎಂಬ ತಂತ್ರಾಂಶವೂ ಇದೇ ನೀತಿಯದು. ಅದು ತಿಳಿದ ರೂಪಗಳ ಪಟ್ಟಿ, ಅಕ್ಷರಸೂತ್ರ, ಧ್ವನಿ, ದೂರ ಈ ನಾಲ್ಕನ್ನೂ ತೂಗಿ ಸಲಹೆಗಳನ್ನು ಮುಂದಿಡುತ್ತದೆ. ಕುಳಿತ ವಿದ್ವಾಂಸ ಯಾವುದನ್ನು ಒಪ್ಪಿದ, ಯಾವುದನ್ನು ತಳ್ಳಿದ ಎಂಬುದರಿಂದ ಕಲಿತು ಮುಂದಿನ ಸಲಹೆಯನ್ನು ತಿದ್ದಿಕೊಳ್ಳುತ್ತದೆ. ಮೂಲರೂಪವನ್ನು ಮಾತ್ರ ಎಸೆಯುವುದಿಲ್ಲ.

ಈಚಿನ ಸ್ಕಾಟ್ಸ್‌ನಲ್ಲಿ ಬೇರೆ ತೊಡಕುಗಳಿವೆ. ರಾಬರ್ಟ್ ಬರ್ನ್ಸ್ ಕವಿಯ ಮೊದಲ ಸಂಕಲನ 1786ರಲ್ಲಿ ಕಿಲ್ಮಾರ್ನಕ್ ಊರಿನಲ್ಲಿ ಅಚ್ಚಾಯಿತು. ಆ ಕಾಲಕ್ಕೆ ಸ್ಕಾಟ್ಸ್ ಪದದಲ್ಲಿ ಇಂಗ್ಲಿಷಿಗಿಂತ ಒಂದಕ್ಷರ ಕಡಿಮೆಯಿದ್ದ ಕಡೆಯೆಲ್ಲ, ಏನೋ ಬಿಟ್ಟುಹೋಗಿದೆ ಎನ್ನುವಂತೆ ಲೋಪಚಿಹ್ನೆ ಹಾಕುವ ಪದ್ಧತಿ ಬೆಳೆದಿತ್ತು. ಅದನ್ನು ‘ಕ್ಷಮೆ ಕೋರುವ ಲೋಪಚಿಹ್ನೆ’ ಎಂದು ಹಾಸ್ಯ ಮಾಡುತ್ತಾರೆ. ಇರದೆ ಇದ್ದ ಅಕ್ಷರಕ್ಕೆ ಲೋಪವೆಲ್ಲಿಂದ ಬಂತು? 1947ರಲ್ಲಿ ಎಡಿನ್‌ಬರೊದಲ್ಲಿ ಸೇರಿದ ಕವಿಗಳ ಕೂಟವೊಂದು ಇದನ್ನು ಬಿಡೋಣವೆಂದು ಗೊತ್ತುಮಾಡಿತು. ಕೆಲವರು ಬಿಟ್ಟರು, ಕೆಲವರು ಬಿಡಲಿಲ್ಲ. ಹೀಗಾಗಿ ಯಂತ್ರವು ಆ ಚಿಹ್ನೆಯನ್ನು ಉದ್ಧರಣ ಚಿಹ್ನೆಯೆಂದು ಬಗೆದು ಪದವನ್ನು ತುಂಡರಿಸದಂತೆ ಕಾಯಬೇಕು. ಅಬರ್ಡೀನ್ ಕಡೆಯವರು ಡಬ್ಲ್ಯು–ಎಚ್ ಧ್ವನಿಯನ್ನೇ ಎಫ್ ಆಗಿ ನುಡಿಯುತ್ತಾರೆ. ಗ್ಲಾಸ್ಗೊದ ‘ವಿಟ್’ ಅಲ್ಲಿ ‘ಫಿಟ್’. ನಮ್ಮ ‘ಏನು’ ಮತ್ತೆ ಹೊಸ ವೇಷ ಹಾಕಿ ಬಂತು. ಅಂದಹಾಗೆ 2025ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆ ಗೇಲಿಕ್ ಜೊತೆಗೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಡುವ ಕಾಯಿದೆ ಮಾಡಿತು. ಯಾವ ಕಾಗುಣಿತದ ಸ್ಕಾಟ್ಸ್ ಎಂಬುದನ್ನು ಕಾಯಿದೆ ಹೇಳಲಾರದಷ್ಟೆ.

ಇದುವರೆಗೆ ಪದಗಳ ಮಾತಾಯಿತು. ಮನುಷ್ಯರ ಹೆಸರಿಗೆ ಬಂದಾಗ ಇದೇ ಪ್ರಶ್ನೆಯ ತೂಕ ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರವರೆಗೆ ಮಾಟಮಂತ್ರವನ್ನು ಮರಣದಂಡನೆಯ ಅಪರಾಧವೆಂದು ಸಾರಿದ ಕಾಯಿದೆಯಿತ್ತು. ಅದರ ಕಾಲದಲ್ಲಿ ಆಪಾದಿತರಾದವರನ್ನು ಎಡಿನ್‌ಬರೊ ವಿಶ್ವವಿದ್ಯಾನಿಲಯದ ಸಂಶೋಧಕರು ದಾಖಲೆಗಳಿಂದ ಹೆಕ್ಕಿ 2003ರಲ್ಲಿ ಪಟ್ಟಿ ಪ್ರಕಟಿಸಿದರು. 3,837 ಮಂದಿ, ಬಹುಪಾಲು ಹೆಂಗಸರು. ಒಬ್ಬಳ ಹೆಸರನ್ನು ಊರಿನ ಚರ್ಚಿನ ಪುಸ್ತಕದಲ್ಲಿ ಒಂದು ಬಗೆಯಾಗಿ, ನ್ಯಾಯಸ್ಥಾನದ ಪುಸ್ತಕದಲ್ಲಿ ಇನ್ನೊಂದು ಬಗೆಯಾಗಿ ಬರೆದಿದ್ದರೆ, ಹೊಂದಿಸದೆ ಬಿಟ್ಟಾಗ ಆಕೆ ಇಬ್ಬರಾಗುತ್ತಾಳೆ. ಅವಸರದಿಂದ ಹೊಂದಿಸಿದರೆ ಇಬ್ಬರು ಹೆಂಗಸರು ಒಬ್ಬಳಾಗಿ, ಸುಟ್ಟು ಬೂದಿಯಾದ ಒಂದು ಜೀವ ಲೆಕ್ಕದಿಂದಲೂ ಅಳಿಸಿಹೋಗುತ್ತದೆ. ಆದ್ದರಿಂದ ಆ ಪಟ್ಟಿಯಲ್ಲಿ ದಾಖಲೆಯ ಕಾಗುಣಿತವನ್ನೂ ಇಂದಿನ ರೂಪವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಇಟ್ಟಿದ್ದಾರೆ.

1591ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಿರುಪುಸ್ತಕವೊಂದು ಜೇಮ್ಸ್ ದೊರೆಯ ಸಮ್ಮುಖದಲ್ಲಿ ನಡೆದ ಇಂಥ ವಿಚಾರಣೆಯನ್ನು ವರ್ಣಿಸುತ್ತದೆ. ಅದರಲ್ಲಿ ಹ್ಯಾಡಿಂಗ್ಟನ್ನಿನ ಆಗ್ನಿಸ್ ಸ್ಯಾಂಪ್ಸನ್ ಎಂಬಾಕೆ ಬರುತ್ತಾಳೆ. ಎಡಿನ್‌ಬರೊದ ಆಗ್ನಿಸ್ ಟಾಂಪ್ಸನ್ ಎಂಬಾಕೆಯೂ ಬರುತ್ತಾಳೆ. ಇನ್ನೂರು ಮಂದಿ ಜರಡಿಗಳಲ್ಲಿ ಕುಳಿತು ಕಡಲ ಮೇಲೆ ಹೋದೆವೆಂಬ ತಪ್ಪೊಪ್ಪಿಗೆಯನ್ನು ಪುಸ್ತಕ ಟಾಂಪ್ಸನ್ ಬಾಯಲ್ಲಿ ಇಡುತ್ತದೆ. ಮುಂದೆ ಕಥೆ ಹೇಳಿದವರಲ್ಲಿ ಅನೇಕರು ಅದನ್ನು ಸ್ಯಾಂಪ್ಸನ್ ಮಾತೆಂದೇ ಹೇಳಿದ್ದಾರೆ. ಸ್ಯಾಂಪ್ಸನ್, ಟಾಂಪ್ಸನ್ ಹೆಸರುಗಳ ನಡುವಣ ದೂರ ಲೆವೆನ್‌ಷ್ಟೈನ್ ಲೆಕ್ಕದಲ್ಲಿ 2. ‘ಏನು’ ಎಂಬ ಪದದ ಸ್ಕಾಟ್ಸ್ ಮತ್ತು ಇಂಗ್ಲಿಷ್ ರೂಪಗಳ ನಡುವಣ ದೂರವೂ ಅಷ್ಟೇ. ಯಂತ್ರ ಈ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿ ತಂದು ನಿಲ್ಲಿಸುತ್ತದೆ, ಇನ್ನು ನೋಡಿಕೊಳ್ಳಿ ಎನ್ನುತ್ತದೆ. ಅಂದಿನ ವಿಚಾರಣೆಯ ಕಾಗದಗಳು ಎಡಿನ್‌ಬರೊದ ದಫ್ತರಖಾನೆಯಲ್ಲಿವೆ. ಒಬ್ಬಳೋ ಇಬ್ಬರೋ ಎಂಬುದನ್ನು ಅವುಗಳ ಎದುರು ಕುಳಿತು, ಹಾಳೆ ಹಾಳೆಯಾಗಿ ಓದಿದವರು ಹೇಳಬೇಕು.